ಮಾಗಿಸಿದ ಕೆಂಪು ದ್ರಾಕ್ಷಾರಸ: ಕುಟುಂಬ ಒಡೆತನದ ಘಟಕ ಸ್ಥಾಪಿಸಲಿಚ್ಛಿಸುವವರಿಗೆ ಮಾಹಿತಿ

2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಜಾರಿಗೆ ತಂದ ನಂತರ ವೈನ್ ತಯಾರಿಕೆಯಲ್ಲಿ ರೈತ ಕುಟುಂಬಗಳ ಆಸಕ್ತಿಯೂ ಹೆಚ್ಚಿದೆ. ಚಂದಕವಾಡಿ ಹೋಬಳಿಯಂತಹ, ದ್ರಾಕ್ಷಿಯು ಪ್ರಧಾನ ಬೆಳೆಯಲ್ಲದ ಪ್ರದೇಶಗಳ ಅರ್ಜಿದಾರರು ಹಣ ಹೂಡುವ ಮುನ್ನ ಈ ಕೆಳಗಿನ ವಿಷಯಗಳನ್ನು ಗಮನಿಸುವುದು.

ರಾಜ್ಯದಲ್ಲಿ ಇದಕ್ಕೆ ಉತ್ತಮ ನಿದರ್ಶನವೆಂದರೆ ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಸಮೀಪವಿರುವ ಗ್ರೋವರ್ ಕುಟುಂಬದ ತೋಟ. ಕನ್ವಲ್ ಗ್ರೋವರ್ ಅವರು ಫ್ರಾನ್ಸ್‌ನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಹಲವು ವರ್ಷ ಪರೀಕ್ಷಿಸಿ, 1988ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ತಳಿಗಳನ್ನು ಸೇರಿಸಿ ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸುವ 'ಲಾ ರಿಸರ್ವ್' ಈ ತೋಟದ ಹೆಸರಾಂತ ಕೆಂಪು ವೈನ್. ಮಗ ಹಾಗೂ ಮೊಮ್ಮಗಳು ಉದ್ಯಮವನ್ನು ಮುಂದುವರಿಸಿದರು. 2012ರಲ್ಲಿ ಅದು ನಾಸಿಕ್ ಪ್ರದೇಶದ ಘಟಕವೊಂದರೊಂದಿಗೆ ವಿಲೀನಗೊಂಡಿತು.

ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆತಿದ್ದು, ಅದು ಹಣ್ಣಿನ ರಸಕ್ಕೂ ಸಿಹಿ ವೈನ್‌ಗೂ ಯೋಗ್ಯವಾಗಿದೆ. ಆದರೆ ವರ್ಷಗಟ್ಟಲೆ ಮಾಗಿಸುವ ವೈನ್‌ಗೆ ಸಿಪ್ಪೆ ಮತ್ತು ಬೀಜದಲ್ಲಿ ಸಾಕಷ್ಟು ಒಗರು ಇರುವ ತಳಿಗಳೇ ಬೇಕು. ಈ ಒಗರೇ ಕಾಲಕ್ರಮದಲ್ಲಿ ಮೃದುವಾಗಿ ರುಚಿ ಕೊಡುತ್ತದೆ. ನಮ್ಮ ಹವಾಗುಣದಲ್ಲಿ ಬಳ್ಳಿಗೆ ಚಳಿಗಾಲದ ವಿಶ್ರಾಂತಿ ಇಲ್ಲದ ಕಾರಣ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಿ ಒಂದೇ ಬೆಳೆ ಪಡೆಯಲಾಗುತ್ತದೆ.

ಲೆಕ್ಕಾಚಾರದ ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಒಂದು ಟನ್ ದ್ರಾಕ್ಷಿಯಿಂದ ಅಂದಾಜು 600 ಲೀಟರ್ ವೈನ್ ದೊರೆಯುತ್ತದೆ. ಅಂದರೆ 225 ಲೀಟರಿನ ಮೂರು ಪೀಪಾಯಿಗಳಿಗೂ ತುಸು ಕಡಿಮೆ, 750 ಮಿಲಿ ಲೀಟರಿನ 800 ಬಾಟಲಿ. ನಾಟಿ ಮಾಡಿದ ಬಳ್ಳಿ ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ ಫಸಲು ಕೊಡುತ್ತದೆ. ಅನಂತರ ಪೀಪಾಯಿಯಲ್ಲಿ ಒಂದೆರಡು ವರ್ಷ, ಬಾಟಲಿಯಲ್ಲಿ ಮತ್ತಷ್ಟು ತಿಂಗಳು. ಹೀಗೆ ಐದಾರು ವರ್ಷ ಆದಾಯವಿಲ್ಲದೆ ಬಂಡವಾಳ ನಿಂತುಬಿಡುತ್ತದೆ. ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಜಮೀನನ್ನೇ ಅಡವಿಟ್ಟು ಆರಂಭಿಸುವ ಕುಟುಂಬಗಳು ಮರುಪಾವತಿಯ ಕಂತು ಎಂದಿನಿಂದ ಪ್ರಾರಂಭವಾಗುತ್ತದೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ಮೊದಲ ಕೆಲವು ವರ್ಷ ಬೇಗ ಮಾರಾಟವಾಗುವ ವೈನ್ ತಯಾರಿಸಿ, ಒಂದು ಭಾಗವನ್ನಷ್ಟೇ ಮಾಗಲು ಇಡುವುದು ಸುರಕ್ಷಿತ ಮಾರ್ಗ.

ದಾಸ್ತಾನು ಕೊಠಡಿಯ ಉಷ್ಣಾಂಶ 12ರಿಂದ 16 ಡಿಗ್ರಿ ಸೆಲ್ಸಿಯಸ್ ಇರಬೇಕಾಗಿದ್ದು, ವಿದ್ಯುತ್ ವೆಚ್ಚವನ್ನು ಯೋಜನಾ ವರದಿಯಲ್ಲಿ ಸೇರಿಸುವುದು. ಮರದ ಮೂಲಕ ವೈನ್ ಅಲ್ಪ ಪ್ರಮಾಣದಲ್ಲಿ ಆವಿಯಾಗುವುದರಿಂದ ಪೀಪಾಯಿಗಳನ್ನು ಆಗಾಗ್ಗೆ ಭರ್ತಿ ಮಾಡಬೇಕಾಗುತ್ತದೆ. ಹೀಗೆ ಕಡಿಮೆಯಾದ ಪ್ರಮಾಣವನ್ನು ಅಂದಂದೇ ದಾಸ್ತಾನು ವಹಿಯಲ್ಲಿ ನಮೂದಿಸುವುದು ಒಳಿತು. ವರ್ಷಾಂತ್ಯದಲ್ಲಿ ಒಟ್ಟಿಗೆ ತೋರಿಸಿದ ಕೊರತೆಗೆ ವಿವರಣೆ ನೀಡುವುದು ಕಷ್ಟ.

ಕರ್ನಾಟಕ ಅಬಕಾರಿ ಅಧಿನಿಯಮ, 1965ರನ್ವಯ ಸನ್ನದು ಪಡೆಯದೆ ವೈನ್ ತಯಾರಿಸುವುದು ಅಪರಾಧ. ಆದುದರಿಂದ ಪೀಪಾಯಿ ಹಾಗೂ ಯಂತ್ರೋಪಕರಣ ಖರೀದಿಗೆ ಮೊದಲೇ ಚಾಮರಾಜನಗರ ಜಿಲ್ಲೆಯ ಅರ್ಜಿದಾರರು ಜಿಲ್ಲಾ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ತಳಿ ಮತ್ತು ಮಣ್ಣಿನ ಬಗ್ಗೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.