ಚಿಚಿಕಾಸ್ತೆನಾಂಗೊದಲ್ಲಿ ನಾಲ್ಕು ದಿನ

ನಮ್ಮ ಪಠ್ಯಪುಸ್ತಕಗಳಲ್ಲಿ ಮಾಯಾ ಜನರಿಗೆ ಎರಡು ಸಾಲು ದೊರೆತರೆ ಅದೇ ಹೆಚ್ಚು, ಅದೂ ಭೂತಕಾಲದಲ್ಲಿ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ನೆನಪಿರಬಹುದು. ಆದರೆ ಗ್ವಾಟೆಮಾಲಾದ ಬೆಟ್ಟನಾಡಿನಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿರುವ ಚಿಚಿಕಾಸ್ತೆನಾಂಗೊದಲ್ಲಿ ಮಾಯಾ ಕುಲದ ಕಿಚೆ ಜನರು ಇಂದಿಗೂ ತಮ್ಮ ನುಡಿಯನ್ನೇ ಆಡುತ್ತಾರೆ, ತಾವೇ ನೆಯ್ದುದನ್ನು ಉಡುತ್ತಾರೆ. ಗುರುವಾರ ಮತ್ತು ಭಾನುವಾರ ಅಲ್ಲಿ ಸಂತೆ. ಪ್ರವಾಸಿಗರು ಸಂತೆ ನೋಡಿ ಸಂಜೆಗೇ ಹೊರಟುಬಿಡುತ್ತಾರೆ. ನಾನೂ ನನ್ನ ಶ್ರೀಮತಿಯೂ ನಾಲ್ಕು ದಿನ ಉಳಿದೆವು. ಮೊಣಕಾಲು ನೋವಿನವರಿಗೆ ನಿಧಾನವೇ ಗತಿ!

ಊರ ನಡುವೆ ಹದಿನಾರನೆಯ ಶತಮಾನದ ಸಂತ ತೋಮಾಸನ ಚರ್ಚು. ಅದರ ಮೆಟ್ಟಿಲುಗಳು ಹದಿನೆಂಟು. ಮಾಯಾ ಪಂಚಾಂಗದ, ತಲಾ ಇಪ್ಪತ್ತು ದಿನಗಳ ಹದಿನೆಂಟು ತಿಂಗಳುಗಳಿಗೆ ಒಂದೊಂದು ಎನ್ನುತ್ತಾರೆ. ಮೆಟ್ಟಿಲ ಮೇಲೆ ಹೂ ಮಾರುವ ಹೆಂಗಸರು, ಕೋಪಾಲ್ ಎಂಬ ಧೂಪದ ಹೊಗೆ. ಹೊರಗಿನವರು ಪಕ್ಕದ ಬಾಗಿಲಿನಿಂದಲೇ ಒಳಹೋಗಬೇಕು. ನಾವೂ ಹಾಗೆಯೇ ಹೋದೆವು.

1524ರಲ್ಲಿ ಸ್ಪೇನಿನ ಪೆದ್ರೊ ದೆ ಅಲ್ವರಾದೊ ಕಿಚೆಯರ ರಾಜಧಾನಿಯನ್ನು ಸುಟ್ಟನು. 1562ರಲ್ಲಿ ಯುಕಾತಾನಿನಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಮಾಯಾ ಗ್ರಂಥಗಳನ್ನು ಬೆಂಕಿಗೆ ಹಾಕಿಸಿದನು. ಇಂದು ಮಾಯಾ ಲಿಪಿಯ ಹಳೆಯ ಗ್ರಂಥಗಳಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಇಷ್ಟಾದರೂ ಕಿಚೆಯರು ತಮ್ಮ ಸೃಷ್ಟಿಕಥೆಯನ್ನೂ ವಂಶಾವಳಿಯನ್ನೂ ಅದೇ ಶತಮಾನದಲ್ಲಿ, ಗೆದ್ದವರ ಲಿಪಿಯನ್ನೇ ಕಲಿತು ಬರೆದಿಟ್ಟರು. ಅದೇ ‘ಪೊಪೋಲ್ ವುಹ್’. ಮೂಲ ಪ್ರತಿ ಕಳೆದುಹೋಯಿತು. ನಮಗೆ ಉಳಿದಿರುವುದು 1701ರಿಂದ 1703ರ ಸುಮಾರಿಗೆ ಈ ಊರಿನ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್ ಮಾಡಿಕೊಂಡ ನಕಲು: ಒಂದು ಕಡೆ ಕಿಚೆ, ಪಕ್ಕದಲ್ಲಿ ಸ್ಪ್ಯಾನಿಷ್. ಸುಟ್ಟವನೂ ಪಾದ್ರಿಯೇ, ಉಳಿಸಿದವನೂ ಪಾದ್ರಿಯೇ. ಆ ಹಸ್ತಪ್ರತಿ ಈಗಿರುವುದು ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿ. ಅದು ಅಲ್ಲಿ ಭದ್ರವಾಗಿದೆ, ನಿಜ. ಆದರೂ ಮನೆಯ ದಾಖಲೆ ಪರರ ಪೆಟ್ಟಿಗೆಯಲ್ಲಿದ್ದಂತೆ ನನಗೆ ತೋರಿತು.

ಆ ಗ್ರಂಥದ ಪ್ರಕಾರ ದೇವತೆಗಳು ಮೊದಲು ಮಣ್ಣಿನಿಂದ, ಬಳಿಕ ಮರದಿಂದ ಮನುಷ್ಯನನ್ನು ಮಾಡಿ ಸೋತರು. ಕೊನೆಗೆ ಜೋಳದ ಹಿಟ್ಟಿನಿಂದ ಮಾಡಿದರು. ಜೋಳವೆಂದರೆ ನಮ್ಮ ಮೆಕ್ಕೆಜೋಳ. ಅದೂ ಮೆಣಸಿನಕಾಯಿಯೂ ನಮಗೆ ಬಂದದ್ದು ಆ ಖಂಡದಿಂದಲೇ. ಬೆಳಗಿನ ಜಾವ ಪಕ್ಕದ ಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳಿದೊಡನೆ ನನ್ನಾಕೆ ಎದ್ದು ಕುಳಿತಳು. ಅಲ್ಲಿನವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಿಟ್ಟು ಆಮೇಲೆ ಅರೆಯುತ್ತಾರೆ. ಹಾಗೆ ಮಾಡಿದರೆ ಕಾಳಿನಲ್ಲಿ ಅಡಗಿರುವ ನಯಾಸಿನ್ ಮೈಗೆ ದಕ್ಕುತ್ತದೆ. ಈ ವಿದ್ಯೆ ತಿಳಿಯದೆ ಜೋಳವನ್ನಷ್ಟೇ ಒಯ್ದ ಯುರೋಪಿನ ಬಡವರು ಪೆಲಾಗ್ರ ರೋಗದಿಂದ ನರಳಿದರು. “ಎಲೆಯಡಿಕೆಗೆ ಬಿಟ್ಟು ಸುಣ್ಣಕ್ಕೆ ಇಂಥ ಉಪಯೋಗವೂ ಉಂಟೇನ್ರೀ?” ಎಂದಳು.

ಊರ ಅಂಚಿನ ದಿಬ್ಬದ ಮೇಲೆ ಸ್ಮಶಾನ. ಗೋರಿಗಳಿಗೆ ಹಳದಿ, ನೀಲಿ, ಗುಲಾಬಿ ಬಣ್ಣ. 1960ರಿಂದ 1996ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ಸತ್ತವರೂ ಕಾಣೆಯಾದವರೂ ಸೇರಿ 2,00,000ಕ್ಕಿಂತ ಹೆಚ್ಚು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ವರದಿ ಕೊಟ್ಟಿತು. ಗುರುತು ಪೂರ್ತಿ ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನರು; ಅತಿ ಹೆಚ್ಚು ನೊಂದದ್ದು ಈ ಊರಿರುವ ಕಿಚೆ ಪ್ರಾಂತ್ಯವೇ. ಕಾಣೆಯಾದವರಿಗೆ ಗೋರಿಯೂ ಇಲ್ಲ. ಒಬ್ಬ ಮುದುಕಿ ಗೋರಿಯೊಂದರ ಮುಂದೆ ಮೇಣದಬತ್ತಿ ಹಚ್ಚಿ ಯಾರೊಡನೆಯೋ ಮಾತನಾಡುವಂತೆ ಕಿಚೆಯಲ್ಲಿ ಬಹಳ ಹೊತ್ತು ಮಾತನಾಡಿದಳು. ನಾವಿಬ್ಬರೂ ದೂರದಲ್ಲಿ ನಿಂತಿದ್ದು, ಆಕೆ ಎದ್ದು ಹೋದ ಬಳಿಕ ದಿಬ್ಬ ಇಳಿದೆವು.