ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ನಿರ್ವಹಣೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ನಿರ್ವಹಣೆ ಎಂಬುದು ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಸೋಲಿಗ ಬುಡಕಟ್ಟಿನವರು ತಮ್ಮ ಪೂರ್ವಿಕರ ಕಾಡನ್ನು ಬಳಸಿಕೊಂಡು ಕಾಪಾಡುವ ವ್ಯವಸ್ಥೆ. ಇದರಲ್ಲಿ ಪಾರಂಪರಿಕ ಕಟ್ಟುಪಾಡುಗಳೂ 2006ರ ಅರಣ್ಯ ಹಕ್ಕು ಕಾಯ್ದೆಯಿಂದ ಗ್ರಾಮಸಭೆಗಳಿಗೆ ದೊರೆತ ಅಧಿಕಾರಗಳೂ ಸೇರಿವೆ.

== ಹಿನ್ನೆಲೆ ==
ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳನ್ನು ಬೆಸೆಯುವ ಈ ಬೆಟ್ಟಸಾಲಿನಲ್ಲಿ ಕುರುಚಲು ಕಾಡು, ಎಲೆಯುದುರುವ ಕಾಡು, ಶೋಲಾ ಮತ್ತು ಹುಲ್ಲುಗಾವಲುಗಳಿವೆ. ಸೋಲಿಗರ ಹಾಡಿಗಳನ್ನು 'ಪೋಡು' ಎಂದು ಕರೆಯುತ್ತಾರೆ. ಹಿಂದೆ ಇವರು ಕಾಡಿನ ಒಂದು ಭಾಗದಲ್ಲಿ ಕೆಲವು ವರ್ಷ ರಾಗಿ ಮೊದಲಾದ ಬೆಳೆ ತೆಗೆದು, ಬಳಿಕ ಆ ನೆಲವನ್ನು ಬೀಡು ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾದ ನಂತರ ಈ ಬೇಸಾಯ ನಿಂತಿತು. ಕುಟುಂಬಗಳು ಖಾಯಂ ಪೋಡುಗಳಲ್ಲಿ ನೆಲೆಗೊಂಡವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯ, ಶಿಕ್ಷಣ ಮತ್ತು ಜೀವನೋಪಾಯ ಕ್ಷೇತ್ರಗಳಲ್ಲಿ ಕೆಲಸ ಮಾಡುತ್ತ ಬಂದಿದೆ.

== ಕಿರು ಅರಣ್ಯ ಉತ್ಪನ್ನಗಳು ==
ಬೇಸಾಯ ಕುಗ್ಗಿದ ಮೇಲೆ ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆಕಾಯಿ, ಅಂಟುವಾಳ ಮತ್ತು ಅಳಲೆಕಾಯಿಗಳ ಸಂಗ್ರಹಣೆಯೇ ನಗದು ಆದಾಯದ ಮುಖ್ಯ ಮೂಲವಾಯಿತು. ಇವುಗಳನ್ನು 'ಲ್ಯಾಂಪ್ಸ್' ಎಂದು ಕರೆಯಲಾಗುವ ಗಿರಿಜನ ಸಹಕಾರ ಸಂಘಗಳು ಕೊಳ್ಳುತ್ತಿದ್ದವು. 1990ರ ದಶಕದಲ್ಲಿ ಕಚ್ಚಾ ವಸ್ತುವಿಗಿಂತ ಸಂಸ್ಕರಿಸಿದ ವಸ್ತುವಿಗೆ ಹೆಚ್ಚು ಬೆಲೆ ದೊರೆಯುವುದೆಂಬ ಆಶಯದಿಂದ ಜೇನು ಮತ್ತು ನೆಲ್ಲಿ ಸಂಸ್ಕರಣಾ ಘಟಕಗಳು ಆರಂಭಗೊಂಡವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಡನೆ ಸೇರಿ ನೆಲ್ಲಿಮರಗಳ ಇಳುವರಿ ಮತ್ತು ಮರುಹುಟ್ಟನ್ನು ಅಧ್ಯಯನ ಮಾಡಿದರು.

== ಪಾರಂಪರಿಕ ಜ್ಞಾನ ==
ಸೋಲಿಗರು ಕಾಡನ್ನು 'ಯೆಲ್ಲೆ'ಗಳಾಗಿ ವಿಂಗಡಿಸಿಕೊಂಡಿದ್ದು, ಪ್ರತಿ ಯೆಲ್ಲೆಗೂ ಸಂಬಂಧಿಸಿದ ಕುಲವಿದೆ. ಅಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಮೊದಲಾದ ಪೂಜಾಸ್ಥಾನಗಳಿರುತ್ತವೆ. ಪುರಾತನವಾದ ದೊಡ್ಡಸಂಪಿಗೆ ಮರ ಇವುಗಳಲ್ಲಿ ಪ್ರಸಿದ್ಧವಾದುದು. ಜೇನು ಕೀಳುವಾಗ ತಟ್ಟಿಯ ಒಂದು ಪಾಲನ್ನು ಹುಳುಗಳಿಗೆ ಬಿಡುವುದು, ನೆಲ್ಲಿ ಕೊಯ್ಯುವಾಗ ಕೊಂಬೆ ಕಡಿಯದಿರುವುದು ಇವರ ಕಟ್ಟುಪಾಡುಗಳು.

ಬೇಸಿಗೆಯ ಮೊದಲಲ್ಲಿ ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ಸಣ್ಣ ಬೆಂಕಿಗೆ 'ತರಗುಬೆಂಕಿ' ಎಂದು ಹೆಸರು. ವನ್ಯಜೀವಿಧಾಮವಾದ ನಂತರ ಈ ಪದ್ಧತಿಗೆ ನಿಷೇಧ ಬಂದಿತು. ತರಗುಬೆಂಕಿ ನಿಂತುದರಿಂದಲೇ ಲಂಟಾನ ಕಳೆ ಹಬ್ಬಿತೆಂದೂ, ನೆಲ್ಲಿಮರಗಳಿಗೆ ಬಂದಳಿಕೆಯ ಕಾಟ ಹೆಚ್ಚಿತೆಂದೂ ಸೋಲಿಗ ಹಿರಿಯರ ಅಭಿಪ್ರಾಯ. 1997 ಮತ್ತು 2008ರ ಸಮೀಕ್ಷೆಗಳ ನಡುವಿನ ಅವಧಿಯಲ್ಲಿ ಲಂಟಾನ ಗಣನೀಯವಾಗಿ ವ್ಯಾಪಿಸಿದ್ದು ಕಂಡುಬಂದಿದೆ. ಆದರೆ ಬೆಂಕಿಯು ಎಳೆಯ ಸಸಿಗಳನ್ನೂ ಸುಡುವುದರಿಂದ ಈ ವಿಷಯದಲ್ಲಿ ಚರ್ಚೆ ಮುಂದುವರಿದಿದೆ.

== ನಿಷೇಧ ಮತ್ತು ಹಕ್ಕುಗಳು ==
ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪರಿಣಾಮವಾಗಿ ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆಯುಂಟಾಯಿತು. ಆದಾಯ ಕಳೆದುಕೊಂಡ ಅನೇಕರು ಕಾಫಿ ತೋಟಗಳ ಕೂಲಿಯನ್ನೂ ಹೊರಊರುಗಳ ದುಡಿಮೆಯನ್ನೂ ಅವಲಂಬಿಸಬೇಕಾಯಿತು.

2006ರಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ ಸಮುದಾಯದ ಕಾಡನ್ನು ರಕ್ಷಿಸಿ ನಿರ್ವಹಿಸುವ ಹಕ್ಕನ್ನೂ ಮಾನ್ಯ ಮಾಡಿತು. 2011ರ ಆರಂಭದಲ್ಲಿ ಈ ವನ್ಯಜೀವಿಧಾಮವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಒಕ್ಕಲೆಬ್ಬಿಸುವ ಭಯ ಹರಡಿತು. ಸೋಲಿಗ ಅಭಿವೃದ್ಧಿ ಸಂಘವು ಹಕ್ಕುಗಳಿಗಾಗಿ ಒತ್ತಾಯಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತ ದೇಶದ ಮೊದಲ ನಿದರ್ಶನವೆಂದು ಇದನ್ನು ಪರಿಗಣಿಸಲಾಗುತ್ತದೆ.

== ಸವಾಲುಗಳು ==
ಹಕ್ಕುಪತ್ರ ದೊರೆತರೂ ಗ್ರಾಮಸಭೆಯ ತೀರ್ಮಾನ ಮತ್ತು ಅರಣ್ಯ ಇಲಾಖೆಯ ನಿರ್ವಹಣಾ ಯೋಜನೆಗಳ ನಡುವೆ ಹೊಂದಾಣಿಕೆ ಸುಲಭವಾಗಿಲ್ಲ. ಲಂಟಾನದ ಪೊದೆ, ಮಳೆಯ ಏರುಪೇರು, ಬೆಳೆಗೆ ನುಗ್ಗುವ ಆನೆ ಮತ್ತು ಹಂದಿಗಳು ಹಾಗೂ ಕಿರಿಯರಲ್ಲಿ ಕಾಡಿನ ಜ್ಞಾನ ಕುಂದುತ್ತಿರುವುದು ಇತರ ತೊಡಕುಗಳು. ನೆರೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಗಳಿಂದಲೇ ಪೀಠೋಪಕರಣ ತಯಾರಿಸಿ ಕಳೆಯನ್ನು ಆದಾಯವಾಗಿಸುವ ಪ್ರಯತ್ನ ನಡೆದಿದೆ.

== ಮಹತ್ವ ==
ಬಿಳಿಗಿರಿಯ ಜೀವನೋಪಾಯವು ಒಂದೇ ಮೂಲವನ್ನು ನೆಚ್ಚಿಲ್ಲ. ರಾಗಿ, ಮನೆಯಂಗಳದ ಕಾಫಿ ಮತ್ತು ಮೆಣಸು, ಜೇನು, ಕೂಲಿ ಇವೆಲ್ಲ ಒಂದಕ್ಕೊಂದು ಆಸರೆಯಾಗಿವೆ; ಒಂದು ಕೈಕೊಟ್ಟ ವರ್ಷ ಇನ್ನೊಂದು ಕುಟುಂಬವನ್ನು ತಕ್ಕಮಟ್ಟಿಗೆ ಸಲಹುತ್ತದೆ. ಕಾಡಿನ ಮೇಲಿನ ಹಕ್ಕು ಇಲ್ಲವಾದಾಗ ಈ ಸರಣಿಯ ಪ್ರಮುಖ ಕೊಂಡಿಯೇ ಕಳಚುತ್ತದೆಂಬುದನ್ನು ಸಂಗ್ರಹಣೆಗೆ ತಡೆಯಿದ್ದ ವರ್ಷಗಳ ಅನುಭವ ತೋರಿಸಿದೆ. ವನ್ಯಜೀವಿ ಸಂರಕ್ಷಣೆ ಮತ್ತು ಬುಡಕಟ್ಟು ಜನರ ಬದುಕು ಒಟ್ಟಿಗೆ ಸಾಗಬಲ್ಲವೇ ಎಂಬ ಪ್ರಶ್ನೆಯ ಚರ್ಚೆಯಲ್ಲಿ ಈ ಪ್ರದೇಶವನ್ನು ಆಗಾಗ್ಗೆ ಉದಾಹರಿಸಲಾಗುತ್ತದೆ.