ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯ: ಒಡೆದದ್ದು, ಕೂಡಿದ್ದು

1538ರಲ್ಲಿ ಯೋಹಾನಸ್ ಸ್ಟುರ್ಮ್ ಮುನ್ನಡೆಸಿದ ಶಾಲೆಯೇ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಬೇರು. ವಿಶ್ವವಿದ್ಯಾಲಯದ ಪಟ್ಟ ಸಿಕ್ಕಿದ್ದು 1621ರಲ್ಲಿ. ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಪ್ರಾಂತ್ಯ 1871ರಲ್ಲಿ ಜರ್ಮನಿಯ ಪಾಲಾಯಿತು, 1918ರಲ್ಲಿ ಮರಳಿ ಫ್ರಾನ್ಸಿಗೆ ಬಂತು. ವಿಶ್ವವಿದ್ಯಾಲಯದ ಅರಮನೆಯಂಥ ಕಟ್ಟಡ ಜರ್ಮನ್ ಆಳ್ವಿಕೆಯದು, ಉದ್ಘಾಟನೆ 1884ರಲ್ಲಿ.

1939ರಲ್ಲಿ ಯುದ್ಧ ಬಂದಾಗ ವಿಶ್ವವಿದ್ಯಾಲಯ ಕ್ಲೆರ್ಮಾಂ-ಫೆರಾಂ ನಗರಕ್ಕೆ ಸ್ಥಳಾಂತರಗೊಂಡಿತು. ನಾಜಿಗಳು ಅಲ್ಲಿಗೂ ಬೆನ್ನಟ್ಟಿ ಬಂದರು. 1943ರ ನವೆಂಬರ್ 25ರ ದಾಳಿಯಲ್ಲಿ ಸೆರೆಸಿಕ್ಕವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಶಿಬಿರಗಳಿಗೆ ಸಾಗಿಸಲಾಯಿತು, ಅನೇಕರು ಹಿಂತಿರುಗಲಿಲ್ಲ. ಈ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗಾಯವಿಲ್ಲ.

1968ರ ವಿದ್ಯಾರ್ಥಿ ಚಳವಳಿಯ ನಂತರದ ಕಾಯ್ದೆ ವಿಶ್ವವಿದ್ಯಾಲಯವನ್ನು ಮೂರು ಹೋಳು ಮಾಡಿತು. ಆ ಮೂರೂ ಮುಂದೆ ಲೂಯಿ ಪಾಶ್ಚರ್, ಮಾರ್ಕ್ ಬ್ಲಾಕ್, ರಾಬರ್ಟ್ ಶೂಮನ್ ಹೆಸರು ಹೊತ್ತವು. ಮೊದಲಿಬ್ಬರು ಇಲ್ಲಿ ಪಾಠ ಹೇಳಿದವರು, ಶೂಮನ್ ಇಲ್ಲಿ ಕಾನೂನು ಓದಿದವರು. 2009ರ ಜನವರಿ 1ರಂದು ಮೂರೂ ವಿಲೀನಗೊಂಡು ಮತ್ತೆ ಒಂದೇ ಸಾರ್ವಜನಿಕ ವಿಶ್ವವಿದ್ಯಾಲಯವಾದವು.